ನಾಲ್ಕು ವರ್ಷ 0ಡಬ್ಲ್ಯು-20: ತೆಳು ಅಂತ ಹೆದರಬೇಡಿ

ನನ್ನ ಪೆಟ್ರೋಲ್ ಕಾರಿಗೆ ನಾಲ್ಕು ವರ್ಷದಿಂದ 0ಡಬ್ಲ್ಯು-20 ಗ್ರೇಡಿನ ಸಿಂಥೆಟಿಕ್ ಎಂಜಿನ್ ಆಯಿಲ್ಲೇ ಹಾಕಿಸುತ್ತಿದ್ದೇನೆ, ನಡುವೆ ಒಂದೇ ಒಂದು ಸಲ ಬಿಟ್ಟು. (ಡಬ್ಲ್ಯು ಹಿಂದಿನ ಸಂಖ್ಯೆ ಚಳಿಯಲ್ಲಿ, ಮುಂದಿನದು ಎಂಜಿನ್ ಕಾದಾಗ ಆಯಿಲ್ ಎಷ್ಟು ದಪ್ಪ ಅಂತ ಹೇಳುತ್ತದೆ; ಸಂಖ್ಯೆ ಕಡಿಮೆ ಇದ್ದಷ್ಟೂ ತೆಳು.) ಆ ಒಂದು ಸಲ ಏನಾಯಿತು ಅಂತ ಹೇಳೋಕೆ ಇದನ್ನು ಬರೆಯುತ್ತಿದ್ದೇನೆ.

ಭಾನುವಾರ ಬೆಳಿಗ್ಗೆ, ಗಾಡಿ ಸ್ಟಾರ್ಟ್ ಮಾಡುವ ಮೊದಲು, ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ಅಳೆಯುವ ಕಡ್ಡಿ, ನೋಡುವುದು ನನ್ನ ಅಭ್ಯಾಸ. ಹಳೇ ಕಾಟನ್ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆದು ಬೆಳಕಿಗೆ ಓರೆಯಾಗಿ ಹಿಡಿದರೆ ಎರಡು ಗುರುತಿನ ನಡುವೆ ಜೇನುಬಣ್ಣದ ಪದರ ಕಾಣುತ್ತದೆ. ಬೆರಳಿಗೆ ತಾಗಿಸಿದರೆ ಸರ್ರನೆ ಜಾರುತ್ತದೆ. ಇಷ್ಟು ತೆಳು ಇದ್ದರೆ ಎಂಜಿನ್ ಉಳಿಯುತ್ತಾ ಅಂತ ನನಗೂ ಅನುಮಾನ ಇತ್ತು. "ದಪ್ಪ ಆಯಿಲ್ ಹಾಕಿ ಸಾರ್, ಎಂಜಿನ್ ಬಾಳಿಕೆ ಬರುತ್ತೆ" ಅಂತ ಮೆಕ್ಯಾನಿಕ್ ಹೇಳಿದ್ದೇ ತಡ, 10ಡಬ್ಲ್ಯು-40 ಹಾಕಿಸಿಬಿಟ್ಟೆ. ಅಗ್ಗ ಬೇರೆ.

ಮಾರನೇ ದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎಂಜಿನ್ ಮೇಲ್ಭಾಗದಿಂದ ಟಕಟಕ ಸದ್ದು. ಎರಡು ಮೂರು ಸೆಕೆಂಡ್ ಅಷ್ಟೇ, ಆದರೆ ದಿನಾ. ಮೈಲೇಜೂ ಸ್ವಲ್ಪ ಇಳಿಯಿತು. ತುಂಬಾ ಸಿಟ್ಟು ಬಂತು.

ಆಮೇಲೆ ಕೂತು ಓದಿದೆ. ಎಂಜಿನ್ ಒಳಗೆ ತಿರುಗುವ ದಂಡ ಕ್ರ್ಯಾಂಕ್‌ಶಾಫ್ಟ್‌ಗೂ ಅದನ್ನು ಹಿಡಿದಿರುವ ಬೇರಿಂಗ್‌ಗೂ ನಡುವಿನ ಸಂದು ಕೂದಲೆಳೆಗಿಂತ ಕಿರಿದು. ಆ ಸಂದು, ಆಯಿಲ್ ಪಂಪ್, ಎಲ್ಲವನ್ನೂ ಇಂಥ ಗ್ರೇಡ್ ಅಂತ ಲೆಕ್ಕ ಹಾಕಿಯೇ ಮಾಡಿರುತ್ತಾರೆ. ನನ್ನದರಲ್ಲಿ ವೇರಿಯಬಲ್ ವಾಲ್ವ್ ಟೈಮಿಂಗ್ (ವಾಲ್ವ್ ತೆರೆಯುವ ಸಮಯ ಬದಲಿಸುವ ವ್ಯವಸ್ಥೆ) ಇದೆ, ಅಲ್ಲಿ ವಾಲ್ವ್ ತೆರೆಯುವ ಕ್ಯಾಮ್ ಅನ್ನು ಹಿಂದೆ ಮುಂದೆ ಮಾಡುವುದೂ ಇದೇ ಆಯಿಲ್‌ನ ಒತ್ತಡ. ಸಣ್ಣ ಸಣ್ಣ ತೂತುಗಳಲ್ಲಿ ಬೇಗ ಹರಿಯಬೇಕು, ಅಲ್ವಾ?

ಇನ್ನೊಂದು ವಿಷಯ ನನ್ನ ಹೆದರಿಕೆಯನ್ನೇ ಬಿಡಿಸಿತು. 0ಡಬ್ಲ್ಯು-20 ಆಯಿಲ್ 40 ಡಿಗ್ರಿಯಲ್ಲಿ ಸುಮಾರು 40 ಸೆಂಟಿಸ್ಟೋಕ್ಸ್ (ದಪ್ಪ ಅಳೆಯುವ ಮಾನ, ಸಂಖ್ಯೆ ಹೆಚ್ಚಿದಷ್ಟೂ ದಪ್ಪ) ಇರುತ್ತದೆ, 100 ಡಿಗ್ರಿಯಲ್ಲಿ 8ರ ಆಸುಪಾಸು. ತಣ್ಣಗಿದ್ದಷ್ಟೂ ಆಯಿಲ್ ದಪ್ಪ. ಹಳೇ ಕಾಲದ 20ಡಬ್ಲ್ಯು-50 ಅದೇ 100 ಡಿಗ್ರಿಯಲ್ಲಿ 18ರ ಹತ್ತಿರ. ಅಂದರೆ ಬೆಳಿಗ್ಗೆ ನನ್ನ ಬೆರಳಿಗೆ ತಾಗುವ ಈ "ತೆಳು" ಆಯಿಲ್, ಕಾದ 20ಡಬ್ಲ್ಯು-50ಗಿಂತ ಎಷ್ಟೋ ದಪ್ಪ!

ಮೆಕ್ಯಾನಿಕ್ ಮೇಲಿನ ಸಿಟ್ಟೂ ಇಳಿಯಿತು. ಅವರ ಕೈ ಪಳಗಿದ್ದು ಹಳೇ ಎಂಜಿನ್‌ಗಳಲ್ಲಿ. ಅಪ್ಪನ ಗಾಡಿಗೆ ಅವರ ಮಾತೇ ಸರಿ, ಅದರ ಸಂದುಗಳೇ ಅಗಲ, ಮ್ಯಾನುಯಲ್‌ನಲ್ಲೂ ದಪ್ಪ ಗ್ರೇಡೇ ಇದೆ. ಬಿಸಿ ಜಾಸ್ತಿ ಇರುವ ಕೆಲವು ಟರ್ಬೊ ಎಂಜಿನ್‌ಗಳಿಗೂ 40 ಗ್ರೇಡ್ ಬೇಕು.

0ಡಬ್ಲ್ಯು-20 ಬೆಲೆ ಜಾಸ್ತಿ, ಅದೊಂದು ಬೇಜಾರು. ನನ್ನ ಓಡಾಟ ಕಡಿಮೆ, ವರ್ಷಕ್ಕೆ ಒಂದೇ ಚೇಂಜ್, ಹಾಗಾಗಿ ನಿಭಾಯಿಸಬಹುದು.

ವಾಪಸ್ 0ಡಬ್ಲ್ಯು-20 ಹಾಕಿಸಿದ ಮಾರನೇ ದಿನ, ಕಿಟಕಿ ಗಾಜು ಇಳಿಸಿ, ರೇಡಿಯೋ ಆಫ್ ಮಾಡಿ ಕೀ ತಿರುಗಿಸಿದೆ. ಟಕಟಕ ಇಲ್ಲ. ಆಫ್ ಮಾಡಿ, ಸಂಜೆ ತಣ್ಣಗಾದ ಮೇಲೆ ಸುಮ್ನೆ ಇನ್ನೊಂದು ಸಲ ಸ್ಟಾರ್ಟ್ ಮಾಡಿ ಕೇಳಿದೆ.