ಕಾರ್ಪೆಟ್ ತೊಳೆಯುವ ಗಾಡಿಗೆ ಯಾವ ಗುಜರಿ ಎಂಜಿನ್: ರಿಕ್ಷಾದ್ದಾ, ಏಸ್‌ನದ್ದಾ, ಇಂಡಿಕಾದ್ದಾ?

ಮೊದಲೇ ಹೇಳಿಬಿಡುತ್ತೇನೆ: ಟಾಟಾ ಏಸ್‌ನ ಎರಡು ಸಿಲಿಂಡರ್ ಎಂಜಿನ್ ತೆಗೆದುಕೊಳ್ಳಿ. ನಾನು ಮೊದಲು ತಂದದ್ದು ಗೂಡ್ಸ್ ರಿಕ್ಷಾದ ಸಿಂಗಲ್ ಸಿಲಿಂಡರ್. ಅದರಿಂದ ಒಂದು ಇಡೀ ಮಳೆಗಾಲದ ಕೆಲಸ ಹೋಯಿತು, ಒಂದು ಬ್ಲೋವರ್ (ಗಾಳಿ ಎಳೆಯುವ ಯಂತ್ರ) ಹೋಯಿತು. ಮಂಗಳೂರು, ಉಡುಪಿ ಕಡೆ ಇಂಥ ಮಷಿನನ್ನು ತಾವೇ ಕಟ್ಟಬೇಕು ಅಂತ ಯೋಚಿಸುವವರಿಗೆ ಆ ಪಾಡು ಬರಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಊರಿನಲ್ಲಿ ಕಾರ್ಪೆಟ್ ತೊಳೆಯುವುದು ಕಷ್ಟವಲ್ಲ, ಒಣಗಿಸುವುದು ಕಷ್ಟ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಬರುವ ಜಾಗ ಇದು. ಜುಲೈಯಲ್ಲಿ ಒಂದು ಸೋಫಾ ಒದ್ದೆಯಾದರೆ ಮೂರನೇ ದಿನಕ್ಕೆ ಬೂಸು ವಾಸನೆ. ನನ್ನ ಹತ್ತಿರ ಮೊದಲು ಇದ್ದದ್ದು ಕರೆಂಟಿನ ಚಿಕ್ಕ ಮಷಿನ್. ಎರಡು ಮೋಟಾರ್ ಒಟ್ಟಿಗೆ ಹಾಕಿದರೆ ಹಳೆಯ ಫ್ಲ್ಯಾಟುಗಳಲ್ಲಿ ಎಂಸಿಬಿ ಬೀಳುತ್ತಿತ್ತು, ಒಂದೇ ಹಾಕಿದರೆ ಕಾರ್ಪೆಟಿನಲ್ಲಿ ಅರ್ಧ ನೀರು ಉಳಿಯುತ್ತಿತ್ತು. ಕಾರ್ಪೆಟಿನೊಳಗಿನ ನೀರನ್ನು ಎಳೆದು ತೆಗೆಯುವಷ್ಟು ಜೋರಾದ ಗಾಳಿ ಬೇಕು ಅಂದರೆ ಎಂಜಿನಿನಿಂದ ತಿರುಗುವ ಬ್ಲೋವರೇ ಆಗಬೇಕು. ಬಿಸಿನೀರು ಚಿಮ್ಮಿಸಿ ಕೂಡಲೇ ಅದನ್ನು ಎಳೆದು ತೆಗೆಯುವ ಇಂಥ ಮಷಿನನ್ನು ವಿದೇಶದಲ್ಲಿ ವ್ಯಾನಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ಅಲ್ಲಿಂದ ಹೊಸದನ್ನು ತರಿಸುವ ದುಡ್ಡು ನನ್ನಲ್ಲಿ ಇರಲಿಲ್ಲ.

ಉಳಿದ ಸಾಮಾನು ಮೂರು ಪ್ರಯೋಗಕ್ಕೂ ಒಂದೇ ಬಗೆಯದು. ಬ್ಲೋವರ್ ಅಪಾರ್ಟ್‌ಮೆಂಟೊಂದರ ಎಸ್‌ಟಿಪಿಯಿಂದ (ಕೊಳಚೆ ನೀರು ಶುದ್ಧ ಮಾಡುವ ಘಟಕದಿಂದ) ತೆಗೆದು ಹಾಕಿದ ಟ್ವಿನ್ ಲೋಬ್. ಕೊಳಚೆ ನೀರಿಗೆ ಗಾಳಿ ಊದುವುದು ಅದರ ಕೆಲಸ. ಪೈಪನ್ನು ಎಳೆಯುವ ಬದಿಗೆ ಕೊಟ್ಟರೆ ಅದೇ ವ್ಯಾಕ್ಯೂಮ್. ನೀರಿನ ಪಂಪು ಅಡಿಕೆ ತೋಟದಲ್ಲಿ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಯುವ ಮೂರು ಪಿಸ್ಟನ್ನಿನ ಎಚ್‌ಟಿಪಿ. ಕಾರ್ಪೆಟಿಗೆ ಬೇಕಾಗುವುದು 400 ಪಿಎಸ್‌ಐ ಆಸುಪಾಸಿನ ಒತ್ತಡ, ಅದು ಇದಕ್ಕೆ ಸಲೀಸು. ಪುತ್ತೂರು, ವಿಟ್ಲ ಕಡೆಯ ಯಾವ ಪೇಟೆಯಲ್ಲೂ ಇದರ ವಾಷರ್ ಸಿಗುತ್ತದೆ. ಒಂದೇ ಒಂದು ಮಾತು, ಪಂಪನ್ನು ಮಾತ್ರ ಹೊಸದೇ ತೆಗೆದುಕೊಳ್ಳಿ. ಬೋರ್ಡೋ ಕಂಡ ಪಂಪಿನ ಮೈಲುತುತ್ತು ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ, ಯಾರದೋ ಬಿಳಿ ಸೋಫಾ ಹಾಳಾಗುತ್ತದೆ. ಇನ್ನು ಅದರ ವಾಷರಿಗೆ ಬಿಸಿನೀರು ಆಗದು. ತಣ್ಣೀರು ಪಂಪಿಗೆ ಹೋಗಲಿ, ಪಂಪು ದಾಟಿದ ಮೇಲೆ ಬಿಸಿಯಾಗಲಿ.

ಈಗ ಎಂಜಿನಿನ ಮಾತು.

ರಿಕ್ಷಾದ ಎಂಜಿನನ್ನು ನಾನು 12,000 ರೂಪಾಯಿಗೆ ತಂದೆ. ಚಿಕ್ಕದು, ಇಬ್ಬರು ಎತ್ತಬಹುದು, ಗಾಳಿಯಿಂದಲೇ ತಂಪಾಗುವಂಥದ್ದು. ರೇಡಿಯೇಟರ್ ಬೇಡ, ಹೋಸ್ ಬೇಡ, ಎಷ್ಟು ಸುಲಭ ಅಂದುಕೊಂಡೆ. ಆದರೆ ಬಿಸಿನೀರಿಗೆ ನಮಗೆ ಬೇಕಾದದ್ದೇ ಆ ರೇಡಿಯೇಟರಿಗೆ ಹೋಗುವ ನೀರು! ಎಂಜಿನಿನ ಬಿಸಿಯನ್ನು ತಾಮ್ರದ ಸುರುಳಿಯ ಮೂಲಕ ತೊಳೆಯುವ ನೀರಿಗೆ ದಾಟಿಸಬೇಕು. ಗಾಳಿಯಿಂದ ತಂಪಾಗುವ ಎಂಜಿನಿನಲ್ಲಿ ಆ ಬಿಸಿಯೆಲ್ಲ ಗಾಡಿಯ ಹಿಂಭಾಗದಲ್ಲೇ ಸುತ್ತುತ್ತದೆ, ನೀರಿಗೆ ಬರುವುದಿಲ್ಲ. ಸೈಲೆನ್ಸರಿನ ಬಿಸಿ ಮಾತ್ರ ಉಳಿಯಿತು. ಅದರಿಂದ ನೀರು ಉಗುರುಬೆಚ್ಚಗಾದದ್ದೇ ಹೆಚ್ಚು.

ಬಲವೂ ಸಾಲಲಿಲ್ಲ. ವ್ಯಾಕ್ಯೂಮ್ ಮೀಟರಿನಲ್ಲಿ ಮುಳ್ಳು ಪಾರದ 6 ಇಂಚು (ಎಳೆತದ ಜೋರನ್ನು ಅಳೆಯುವ ಲೆಕ್ಕ) ದಾಟಿದರೆ ಎಂಜಿನ್ ಕಪ್ಪು ಹೊಗೆ ಬಿಟ್ಟು ಕುಗ್ಗುತ್ತಿತ್ತು. ಅಲುಗಾಟ ಬೇರೆ. ಒಂದೇ ಪಿಸ್ಟನ್ ಅಲ್ವಾ, ಒಂದೊಂದು ಹೊಡೆತವೂ ಫ್ರೇಮಿಗೆ ಬೀಳುತ್ತದೆ. ವಾರಕ್ಕೊಂದು ತಾಮ್ರದ ಪೈಪಿನ ಬೆಸುಗೆ ಬಿಡುತ್ತಿತ್ತು.

ಇದನ್ನೆಲ್ಲ ಹೇಗೋ ಸಹಿಸಬಹುದಿತ್ತು. ಸಹಿಸಲು ಆಗದೆ ಹೋದದ್ದು ಅದನ್ನು ನಿಲ್ಲಿಸುವ ವಿಷಯ.

ಕೊಳಕು ನೀರು ಬಂದು ಬೀಳುವ ಟ್ಯಾಂಕಿನಲ್ಲಿ ಒಂದು ಫ್ಲೋಟ್ ಇರುತ್ತದೆ. ಟ್ಯಾಂಕು ತುಂಬಿತು ಅಂದರೆ ಫ್ಲೋಟ್ ಏಳುತ್ತದೆ, ಎಂಜಿನ್ ನಿಲ್ಲಬೇಕು. ನಿಲ್ಲದಿದ್ದರೆ ನೀರು ನೇರ ಬ್ಲೋವರಿಗೆ ಹೋಗುತ್ತದೆ. ಪೆಟ್ರೋಲ್ ಎಂಜಿನಿನಲ್ಲಿ ಇದು ಒಂದು ವಯರಿನ ಕೆಲಸ. ಕಿಡಿ ಕಡಿದರೆ ಎಂಜಿನ್ ನಿಂತಿತು. ಡೀಸೆಲ್‌ನಲ್ಲಿ ಕಿಡಿಯೇ ಇಲ್ಲ. ರಿಕ್ಷಾದ ಇಂಥ ಹಳೆಯ ಎಂಜಿನ್ ಬ್ಯಾಟರಿ ಕಳಚಿ ಬದಿಗಿಟ್ಟರೂ ಓಡುತ್ತಲೇ ಇರುತ್ತದೆ. ಡೀಸೆಲ್ ಹೋಗುವುದನ್ನೇ ನಿಲ್ಲಿಸಬೇಕು. ನಾನು ತಂದ ರಿಕ್ಷಾ ಎಂಜಿನಿನಲ್ಲಿ ಅದಕ್ಕೆ ಇದ್ದದ್ದು ಕೈಯಿಂದ ಎಳೆಯುವ ಒಂದು ಕೇಬಲ್ ಮಾತ್ರ.

ಹಾಗಾಗಿ ಫ್ಲೋಟಿಗೆ ಒಂದು ಹಾರ್ನ್ ಕಟ್ಟಿದೆ. ಹಾರ್ನ್ ಆದಾಗ ಕೆಳಗಿರುವ ಹುಡುಗ ಕೇಬಲ್ ಎಳೆಯುವುದು ಅಂತ ಲೆಕ್ಕ. ಜುಲೈಯ ಒಂದು ಮಧ್ಯಾಹ್ನ, ಕದ್ರಿ ಕಡೆಯ ಒಂದು ಫ್ಲ್ಯಾಟಿನ ಮೂರನೇ ಮಹಡಿ. ನಾನು ಮೇಲೆ ನೀರು ಚಿಮ್ಮಿಸಿ ಎಳೆಯುವ ಕೋಲು ಹಿಡಿದು ಕೆಲಸ ಮಾಡುತ್ತಿದ್ದೆ. ಮಳೆ ಹೇಗೆ ಹೊಡೆಯುತ್ತಿತ್ತು ಅಂದರೆ ಹಾರ್ನ್ ಬಿಡಿ, ಎಂಜಿನಿನ ಸದ್ದೂ ಕೇಳುತ್ತಿರಲಿಲ್ಲ. ಮೇಲೆ ಬಂದು ಸೋಫಾ ಸರಿಸು ಅಂತ ಹುಡುಗನನ್ನು ಕರೆದವನು ನಾನೇ. ಹತ್ತು ನಿಮಿಷ ಕಳೆದು ಕೆಳಗೆ ಹೋಗಿ ನೋಡಿದರೆ ಬ್ಲೋವರಿನ ಬಾಯಿಯಿಂದ ಕಂದು ನೀರು ಪಕ್ಕದ ಕಾರಿನ ಮೇಲೆ ಚಿಮ್ಮುತ್ತಿತ್ತು.

ಕಾರನ್ನು ತೊಳೆದು ಕೊಟ್ಟೆ, ಟ್ಯಾಂಕು ಖಾಲಿ ಮಾಡಿದೆ, ಮನೆಗೆ ಬಂದೆ. ಮರುದಿನ ಬೆಳಿಗ್ಗೆ ಎಂಜಿನ್ ಹಾಕಿದರೆ ಬೆಲ್ಟ್ ಸುಟ್ಟ ವಾಸನೆ. ಬ್ಲೋವರ್ ಅಲುಗಾಡುತ್ತಿಲ್ಲ. ಈ ಬ್ಲೋವರಿನ ಒಳಗೆ ಎಂಟರ ಆಕಾರದ ಎರಡು ಲೋಬ್‌ಗಳು ಒಂದಕ್ಕೊಂದು ತಾಗದೆ ತಿರುಗುತ್ತವೆ. ನಡುವಿನ ಸಂದು ಕೂದಲೆಳೆಯಷ್ಟು. ಬೀಡಿನ ಲೋಹ, ಒದ್ದೆ, ನಮ್ಮ ಕಡಲ ಗಾಳಿ, ಒಂದು ರಾತ್ರಿ ಸಾಕು. ತುಕ್ಕು ಆ ಸಂದನ್ನು ತುಂಬಿಬಿಟ್ಟಿತ್ತು. ಬೈಕಂಪಾಡಿಯ ಒಂದು ಲೇತ್ ಅಂಗಡಿಯಲ್ಲಿ ಬಿಚ್ಚಿಸಿದೆ. ಬೇರಿಂಗ್ ಹೋಗಿತ್ತು, ಒಂದು ಲೋಬ್ ಗೀರಿತ್ತು. ಕೊನೆಗೆ ಬೇರೆ ಬ್ಲೋವರೇ ತರಬೇಕಾಯಿತು, 28,000 ರೂಪಾಯಿ. ಎಂಜಿನಿನ ಬೆಲೆಯ ಎರಡು ಪಟ್ಟಿಗಿಂತ ಜಾಸ್ತಿ.

ನೀರು ಹೊಕ್ಕಿತು ಅಂತ ಗೊತ್ತಾದ ಕೂಡಲೇ ಏನು ಮಾಡಬೇಕು ಅಂತ ಆಗ ನನಗೆ ಯಾರೂ ಹೇಳಿರಲಿಲ್ಲ. ಟ್ಯಾಂಕು ಖಾಲಿ ಮಾಡಿ, ಬ್ಲೋವರನ್ನು ಹತ್ತು ಹದಿನೈದು ನಿಮಿಷ ಸುಮ್ನೆ ಒಣ ಗಾಳಿಯಲ್ಲಿ ಓಡಿಸಿ. ಅದು ತನ್ನ ಬಿಸಿಯಿಂದ ತಾನೇ ಒಣಗುತ್ತದೆ. ನಿಲ್ಲಿಸುವ ಮುಂಚೆ ಗಾಳಿ ಒಳಹೋಗುವ ಬಾಯಿಗೆ ತುಕ್ಕು ತಡೆಯುವ ಎಣ್ಣೆಯ ಸ್ಪ್ರೇ ನಾಲ್ಕು ಸೆಕೆಂಡ್ ಹೊಡೆಯಿರಿ. ನಾನೀಗ ನೀರು ಹೋಗಲಿ ಬಿಡಲಿ, ದಿನಾ ಸಂಜೆ ಹೀಗೇ ಮಾಡುತ್ತೇನೆ.

ಹೊಸ ಬ್ಲೋವರ್ ಕೂರಿಸಿದ ಮೇಲೂ ಆ ರಿಕ್ಷಾ ಎಂಜಿನನ್ನೇ ಸರಿಮಾಡಲು ನೋಡಿದೆ. ಕಾರಿನ ಬಾಗಿಲು ಲಾಕ್ ಮಾಡುವ ಚಿಕ್ಕ ಮೋಟಾರನ್ನು ಕೇಬಲಿಗೆ ಕಟ್ಟಿದೆ. ಮೂರು ಸಲಕ್ಕೆ ಎರಡು ಸಲ ಎಳೆಯಿತು, ಒಂದು ಸಲ ಸ್ಪ್ರಿಂಗನ್ನು ಗೆಲ್ಲಲಿಲ್ಲ. ಆಮೇಲೆ ಜೋರಾಗಿ ಎಳೆಯುವ ಸೊಲೆನಾಯ್ಡ್ (ಕರೆಂಟು ಕೊಟ್ಟರೆ ಎಳೆಯುವ ಅಯಸ್ಕಾಂತ) ಹಾಕಿದೆ. ಅದು ಸರಿಯಾಗಿಯೇ ಎಳೆಯುತ್ತಿತ್ತು. ಆದರೆ ಎಂಜಿನಿನ ಅಲುಗಾಟಕ್ಕೆ ಒಂದು ದಿನ ಅದರ ವಯರೇ ತುಂಡಾಯಿತು. ಅದೃಷ್ಟಕ್ಕೆ ಟ್ಯಾಂಕು ತುಂಬಿರಲಿಲ್ಲ.

ಅವತ್ತು ವಿಷಯ ಸ್ಪಷ್ಟವಾಯಿತು. ಕರೆಂಟು ಕೊಟ್ಟಾಗ ನಿಲ್ಲುವ ವ್ಯವಸ್ಥೆಯಲ್ಲಿ ವಯರು ತುಂಡಾದರೆ ಎಂಜಿನ್ ನಿಲ್ಲುವುದೇ ಇಲ್ಲ. ನಮಗೆ ಬೇಕಾದದ್ದು ಉಲ್ಟಾ. ಕರೆಂಟು ಇದ್ದರೆ ಮಾತ್ರ ಡೀಸೆಲ್ ಹೋಗಬೇಕು. ವಯರು ಕಡಿದರೂ, ಫ್ಯೂಸ್ ಹೋದರೂ, ಫ್ಲೋಟ್ ಎದ್ದರೂ ಎಂಜಿನ್ ತಾನಾಗಿ ನಿಲ್ಲಬೇಕು. ನಾನು ತಂದ ಏಸ್ ಎಂಜಿನಿನಲ್ಲಿ ಇರುವುದು ಇದೇ. ಕೀ ಆಫ್ ಮಾಡಿದರೆ ಸೊಲೆನಾಯ್ಡ್ ಬಿದ್ದು ಡೀಸೆಲ್ ಮುಚ್ಚುತ್ತದೆ. ಆ ಒಂದು ವಯರಿನ ದಾರಿಯಲ್ಲಿ ಫ್ಲೋಟನ್ನು ಒಂದು ರಿಲೇ ಮೂಲಕ ಸೇರಿಸಿದೆ. ಜೊತೆಗೆ ಆಯಿಲ್ ಪ್ರೆಶರ್ ಬಿದ್ದರೆ ಕಡಿಯುವ ಸ್ವಿಚ್, ಎಂಜಿನ್ ಜಾಸ್ತಿ ಕಾದರೆ ಕಡಿಯುವ ಸ್ವಿಚ್. ಸ್ಟಾರ್ಟ್ ಮಾಡುವಾಗ ಆಯಿಲ್ ಪ್ರೆಶರ್ ಇರುವುದಿಲ್ಲ, ಅದಕ್ಕೆ ಒತ್ತಿ ಹಿಡಿಯುವ ಒಂದು ಬಟನ್. ಎಲ್ಲ ಸೇರಿ ಆರುನೂರು ರೂಪಾಯಿಯೂ ಆಗಲಿಲ್ಲ. ನೊರೆಯನ್ನು ಮಾತ್ರ ಯಾವ ಫ್ಲೋಟೂ ನಂಬಿಕೆಯಿಂದ ಹಿಡಿಯುವುದಿಲ್ಲ. ಹಿಂದೆ ಯಾರೋ ಶಾಂಪೂ ಹಾಕಿ ಉಜ್ಜಿದ ಕಾರ್ಪೆಟ್ ಅಂತ ಗೊತ್ತಾದರೆ ಟ್ಯಾಂಕಿಗೆ ಮೊದಲೇ ನೊರೆ ಮುರಿಯುವ ದ್ರಾವಣ ಹಾಕಿ.

ಏಸ್‌ಗೆ ಬದಲಾಯಿಸಿದ್ದು ಮರುವರ್ಷದ ಜೂನಿನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ, ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿರುತ್ತವೆ. ಉಳಿದ ಹತ್ತು ತಿಂಗಳು ಕೈಗೆ ಸಿಗದ ಬೋಟ್ ಫಿಟ್ಟರುಗಳು ಆ 61 ದಿನ ಸಿಗುತ್ತಾರೆ. ಡೀಸೆಲ್ ಎಂಜಿನ್ ಅಂದರೆ ಏನು ಅಂತ ತಿಳಿಯಬೇಕಾದರೆ ಅವರ ಪಕ್ಕ ಒಂದು ವಾರ ನಿಲ್ಲಬೇಕು ಮಾರಾಯ್ರೆ. ಬಂದರಿನ ಒಬ್ಬರು ನನ್ನ ಶೆಡ್ಡಿಗೇ ಬಂದು ಎಂಜಿನ್ ಕೂರಿಸಿಕೊಟ್ಟರು. ಎಂಜಿನಿಗೂ ಫ್ರೇಮಿಗೂ ನಡುವೆ ದಪ್ಪ ರಬ್ಬರ್, ಎಂಜಿನಿನಿಂದ ಹೊರಡುವ ಯಾವ ಪೈಪೂ ಗಟ್ಟಿ ಇರಬಾರದು, ಮೊದಲ ಒಂದಡಿ ಹೋಸೇ ಇರಬೇಕು ಅಂತ ಅವರ ಹಠ. ಅಲ್ಲಿಂದ ಈಚೆ ಒಂದು ಬೆಸುಗೆಯೂ ಬಿಟ್ಟಿಲ್ಲ.

ಇಂಡಿಕಾ ಎಂಜಿನನ್ನೂ ನಡುವೆ ಮೂರು ವಾರ ನೋಡಿದೆ. ಹಳೆಯ ಟ್ಯಾಕ್ಸಿಯದ್ದು, ಪರಿಚಯದವರು ನೋಡಲು ಕೊಟ್ಟಿದ್ದರು. ಇವೆರಡೂ ಒಂದೇ ವಂಶ. ಇಂಡಿಕಾದ್ದು ನಾಲ್ಕು ಸಿಲಿಂಡರ್, 1405 ಸಿಸಿ. ಏಸ್‌ನದು ಎರಡು ಸಿಲಿಂಡರ್, 702 ಸಿಸಿ. ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಅರ್ಧ. ಇಂಡಿಕಾದ್ದು ಹೊಲಿಗೆ ಮಷಿನಿನ ಹಾಗೆ ನಯವಾಗಿ ಓಡುತ್ತದೆ, ಅದನ್ನು ಒಪ್ಪಲೇಬೇಕು. ಬಿಸಿಯಾದ ಮೇಲೆ ನೀರೂ ಚೆನ್ನಾಗಿ ಕಾಯುತ್ತದೆ. ಆದರೆ ಬಿಸಿಯಾಗಲು ಹೊತ್ತು ಹಿಡಿಯುತ್ತದೆ, ಅಷ್ಟು ಬಲ ನನ್ನ ಬ್ಲೋವರಿಗೆ ಬೇಡವೂ ಬೇಡ. ತೂಕವೇ ದೊಡ್ಡ ತೊಂದರೆ. ನನ್ನ ಗಾಡಿ ಹೊರುವುದು 750 ಕೆಜಿ. ಇಂಡಿಕಾ ಎಂಜಿನ್ ಇಟ್ಟು ವೇಬ್ರಿಜ್ಜಿನಲ್ಲಿ ತೂಗಿಸಿದರೆ 200 ಲೀಟರಿಗಿಂತ ಜಾಸ್ತಿ ನೀರು ತುಂಬಿಸುವ ಹಾಗಿರಲಿಲ್ಲ. ಡೀಸೆಲೂ ಗಂಟೆಗೆ ಒಂದು ಲೀಟರಿನಷ್ಟು ಜಾಸ್ತಿ ಕುಡಿಯಿತು. ದೊಡ್ಡ ಪಿಕಪ್ ಇರುವವರು, ಇಬ್ಬರು ಒಟ್ಟಿಗೆ ತೊಳೆಯುವವರು ಇಂಡಿಕಾ ನೋಡಬಹುದು. ಅದಕ್ಕಿಂತ ಹೊಸ ಕಾರುಗಳ ಕಾಮನ್ ರೈಲ್ ಎಂಜಿನ್ ಮಾತ್ರ ಬೇಡ. ಇಸಿಎಂ (ಎಂಜಿನಿನ ಕಂಪ್ಯೂಟರ್), ಸೆನ್ಸರು, ಕೀ ಎಲ್ಲ ಸರಿಯಾಗಿ ಕೂಡಿ ಬರದೆ ಅದು ಸ್ಟಾರ್ಟೇ ಆಗುವುದಿಲ್ಲ.

ಏಸ್‌ನ 16 ಎಚ್‌ಪಿ ನನಗೆ ಹೇಳಿ ಮಾಡಿಸಿದ ಹಾಗಿದೆ. 10 ಇಂಚು ವ್ಯಾಕ್ಯೂಮಿನಲ್ಲಿ ಬ್ಲೋವರ್ ಮತ್ತು ಪಂಪು ಎರಡನ್ನೂ ಎಳೆಯುತ್ತದೆ, ಕುಗ್ಗುವುದಿಲ್ಲ, ಸುಮ್ಮನೆ ಉಳಿಯುವ ಬಲವೂ ಇಲ್ಲ. ನೀರು 65 ಡಿಗ್ರಿ ಆಸುಪಾಸು ಬರುತ್ತದೆ. ಕೋಲಿನ ಹಿಡಿಕೆಯನ್ನು ಬಿಡದೆ ಒತ್ತಿ ಹಿಡಿದರೆ ಬಿಸಿ ಸ್ವಲ್ಪ ಇಳಿಯುತ್ತದೆ. ಉಣ್ಣೆಯ ಕಾರ್ಪೆಟಿಗೆ ಆ ಬಿಸಿಯೂ ಬೇಡ, ನೇರ ತಣ್ಣೀರಿನ ದಾರಿಗೆ ಒಂದು ವಾಲ್ವ್ ಇಟ್ಟುಕೊಂಡಿದ್ದೇನೆ. ಕಳೆದ ಜುಲೈಯಲ್ಲಿ ಫ್ಯಾನ್ ಹಾಕಿಟ್ಟ ಕಾರ್ಪೆಟ್ ಐದು ಗಂಟೆಯಲ್ಲಿ ಒಣಗಿದೆ. ರಿಕ್ಷಾ ಎಂಜಿನಿನ ಕಾಲದಲ್ಲಿ ಅದಕ್ಕೆ ಮರುದಿನ ಸಂಜೆ ಆಗುತ್ತಿತ್ತು.

ಇನ್ನೊಂದು ಕಾರಣ ನನ್ನ ಸ್ವಂತದ್ದು. ನನ್ನ ಗಾಡಿಯೂ ಏಸ್. ಗಾಡಿಗೂ ಮಷಿನಿಗೂ ಒಂದೇ ಆಯಿಲ್ ಕ್ಯಾನು, ಒಂದೇ ಫಿಲ್ಟರ್, ಒಬ್ಬನೇ ಮೆಕ್ಯಾನಿಕ್. ಕುಂದಾಪುರದಲ್ಲಿ ಕೆಲಸಕ್ಕೆ ಹೋದಾಗ ಫ್ಯಾನ್ ಬೆಲ್ಟ್ ಹೋದರೂ ಹತ್ತು ನಿಮಿಷದಲ್ಲಿ ಸಿಗುತ್ತದೆ. ಎಂಜಿನಿಗೆ ಕೊಟ್ಟದ್ದು 35,000. ರಿಕ್ಷಾ ಎಂಜಿನಿಗೆ ಕೊಟ್ಟದ್ದರ ಸುಮಾರು ಮೂರು ಪಟ್ಟು ಹೌದು. ಆದರೆ ಆ 12,000ದ ಜೊತೆ ಹೋದ ಬ್ಲೋವರಿನ 28,000 ಸೇರಿಸಿದರೆ ಯಾವುದು ಅಗ್ಗ ಅಂತ ನೀವೇ ನೋಡಿ.

ಕೆಲವು ಚಿಕ್ಕ ಮಾತು. ಎಲ್ಲವನ್ನೂ ಒಂದು ಫ್ರೇಮಿನ ಮೇಲೆ ಕಟ್ಟಿ, ಬೋಲ್ಟ್ ಬಿಚ್ಚಿದರೆ ಇಳಿಸುವ ಹಾಗಿರಲಿ. ಗಾಡಿಯ ಚಾಸಿಯನ್ನು ಕತ್ತರಿಸಬೇಡಿ, ಕೂರಿಸುವ ಮುಂಚೆ ಆರ್‌ಟಿಓದಲ್ಲಿ ಕೇಳಿಕೊಳ್ಳಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಯಾವತ್ತೂ ಎಂಜಿನ್ ಓಡಿಸಬೇಡಿ, ಮಳೆ ಎಷ್ಟೇ ಬರಲಿ. ಹೊಗೆಯಲ್ಲಿ ಕಾರ್ಬನ್ ಮೋನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ಕೊಳಕು ನೀರನ್ನು ರಸ್ತೆ ಬದಿಯ ತೋಡಿಗೆ ಬಿಡಬೇಡಿ, ಆ ಮನೆಯ ಟಾಯ್ಲೆಟ್ ಲೈನಿಗೇ ಕೇಳಿ ಬಿಡಿ.

ಗುಜರಿಯಲ್ಲಿ ಎಂಜಿನ್ ನೋಡಲು ಹೋದಾಗ ಅದು ತಣ್ಣಗಿರಬೇಕು. ನೀವು ಬರುವ ಮುಂಚೆಯೇ ಓಡಿಸಿ ಬಿಸಿ ಮಾಡಿಟ್ಟಿದ್ದರೆ ಮರುದಿನ ಬರುತ್ತೇನೆ ಅನ್ನಿ. ಸ್ಟಾರ್ಟ್ ಮಾಡಿಸಿ, ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡಿಯಿರಿ. ಹೊಗೆ ಬುಸುಬುಸು ಅಂತ ಕೈಗೆ ಹೊಡೆದರೆ ಪಿಸ್ಟನ್ನಿನ ರಿಂಗ್ ಹೋಗಿದೆ, ಬಿಟ್ಟುಬಿಡಿ. ಚೆನ್ನಾಗಿದ್ದರೆ ಡೀಸೆಲ್ ಪಂಪು, ಸೊಲೆನಾಯ್ಡ್, ವಯರಿಂಗ್ ಸಮೇತ ಕೊಡಿ ಅಂತಲೇ ರೇಟು ಮಾತಾಡಿ. ಎಂಜಿನ್ ಮಾತ್ರ ತಂದು ಪಂಪು ಆಮೇಲೆ ಹುಡುಕಲು ಹೊರಟರೆ ಇನ್ನೊಂದು ಎಂಜಿನಿನಷ್ಟೇ ದುಡ್ಡು ಬೇಕಾಗುತ್ತದೆ.