ಒಂದೇ ಪೆಟ್ಟಿಗೆಯಲ್ಲಿದ್ದರೂ ಒಂದಕ್ಕೊಂದು ಕೂಡದ ಹಳಿಗಳು

ಮಾದರಿ ರೈಲಿನ ಹವ್ಯಾಸಕ್ಕೆ ಹೊಸದಾಗಿ ಕಾಲಿಡುವವರು ಯಾವ ಎಂಜಿನ್ ಕೊಳ್ಳಬೇಕೆಂದು ತಿಂಗಳುಗಟ್ಟಲೆ ಲೆಕ್ಕ ಹಾಕುತ್ತಾರೆ; ಹಳಿಯ ವಿಷಯ ಬಂದಾಗ ಮಾತ್ರ ಎಲ್ಲಿ ಅಗ್ಗವೋ ಅಲ್ಲಿ ತೆಗೆದುಕೊಂಡುಬಿಡುತ್ತಾರೆ. ನಾನೂ ಅದನ್ನೇ ಮಾಡಿದೆ. ಕಳೆದ ಬೇಸಿಗೆಯಲ್ಲಿ ಬಳಸಿದ ಸಾಮಾನು ಮಾರುವ ಒಬ್ಬರಿಂದ ಎಚ್‌ಒ ಅಳತೆಯ ನೂರಾ ಹತ್ತು ತುಂಡು ಹಳಿಗಳನ್ನೂ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವ ಎರಡು ಪಾಯಿಂಟ್‌ಗಳನ್ನೂ ಹೊಸದರ ಅರ್ಧಕ್ಕಿಂತ ಕಡಿಮೆ ಬೆಲೆಗೆ ಕೊಂಡೆ. "ಎಲ್ಲವೂ ಎಚ್‌ಒ ಸರ್, ಒಂದಕ್ಕೊಂದು ಕೂತುಕೊಳ್ಳುತ್ತವೆ" ಎಂದು ಅವರು ಹೇಳಿದ್ದು ಸುಳ್ಳಾಗಿರಲಿಲ್ಲ, ಕೂತುಕೊಂಡವು. ಆದರೆ ಮಳೆಗಾಲ ಮುಗಿಯುವ ವೇಳೆಗೆ ಆ ಪೆಟ್ಟಿಗೆಯಲ್ಲಿ ಬಳಕೆಗೆ ಯೋಗ್ಯವಾಗಿ ಉಳಿದದ್ದು ಇಪ್ಪತ್ತೆಂಟು ತುಂಡುಗಳು. ಉಳಿದವು ಏಕೆ ಕೆಲಸಕ್ಕೆ ಬಾರದೆ ಹೋದವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಉದ್ದೇಶ ದೊಡ್ಡದೇನೂ ಆಗಿರಲಿಲ್ಲ. ಮಂಗಳೂರಿನ ನಮ್ಮ ಮನೆಯ ಮಹಡಿ ಕೋಣೆಯಲ್ಲಿ, ಎಂಟಡಿ ಉದ್ದ ನಾಲ್ಕಡಿ ಅಗಲದ ಒಂದು ಪ್ಲೈವುಡ್ ಹಲಗೆಯ ಮೇಲೆ, ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯನ್ನು ನೆನಪಿಸುವ ಒಂದು ಸುತ್ತುಹಳಿಯನ್ನು ಹಾಸಿ, ಎರಡು ಸುರಂಗಗಳನ್ನು ಕಟ್ಟಿ, ಡೀಸೆಲ್ ಎಂಜಿನ್ನಿನ ಹಿಂದೆ ನಾಲ್ಕು ಕೋಚುಗಳನ್ನು ಓಡಿಸಬೇಕೆಂದಿದ್ದೆ. ಹಳಿಯನ್ನು ಬೇಕಾದಂತೆ ಬಾಗಿಸಿ ಕತ್ತರಿಸಿಕೊಳ್ಳುವ ಫ್ಲೆಕ್ಸ್ ಹಳಿಗಿಂತ, ಅಳತೆಯೂ ತಿರುವೂ ಮೊದಲೇ ಗೊತ್ತುಮಾಡಿ ಬರುವ ತುಂಡು ಹಳಿಯೇ ಹೊಸಬನಿಗೆ ಸುಲಭವೆಂದು ಅದನ್ನು ಆರಿಸಿಕೊಂಡೆ. ಸುಲಭವೇ ಹೌದು, ಆದರೆ ಎಲ್ಲ ತುಂಡುಗಳೂ ಒಂದೇ ಲೆಕ್ಕಾಚಾರದಲ್ಲಿ ಹುಟ್ಟಿದವಾಗಿದ್ದರೆ ಮಾತ್ರ.

ಎಚ್‌ಒ ಎಂದರೆ 1:87ರ ಪ್ರಮಾಣ, ಎರಡು ಕಂಬಿಗಳ ನಡುವಿನ ಅಂತರ 16.5 ಮಿ.ಮೀ. ಬ್ರಿಟನ್ನಿನಲ್ಲಿ ರೂಢಿಯಲ್ಲಿರುವ ಓಓ ಪ್ರಮಾಣ 1:76.2 ಆದರೂ ಅದರ ರೈಲುಗಳು ಓಡುವುದು ಇದೇ 16.5 ಮಿ.ಮೀ. ಹಳಿಯ ಮೇಲೆ. (ನಮ್ಮ ಬ್ರಾಡ್‌ಗೇಜಿನ 1676 ಮಿ.ಮೀ. ಅನ್ನು 87ರಿಂದ ಭಾಗಿಸಿದರೆ 19 ಮಿ.ಮೀ.ಗೂ ಹೆಚ್ಚು ಬರುತ್ತದೆ. ಆದ್ದರಿಂದ ಈ ಹಳಿಯ ಮೇಲೆ ಓಡುವ ನಮ್ಮ ಮಾದರಿಗಳೆಲ್ಲ ಲೆಕ್ಕದ ಪ್ರಕಾರ ಸ್ವಲ್ಪ ಇಕ್ಕಟ್ಟಾದ ಹಾದಿಯಲ್ಲೇ ಇವೆ. ಅದನ್ನು ನಾವು ಒಪ್ಪಿಕೊಂಡಾಗಿದೆ.) ಕಂಬಿಯ ಎತ್ತರವನ್ನು ಇಂಚಿನ ಸಾವಿರದ ಭಾಗದಲ್ಲಿ ಹೇಳುವುದು ರೂಢಿ: ಕೋಡ್ 100 ಎಂದರೆ 2.54 ಮಿ.ಮೀ., ಕೋಡ್ 83 ಎಂದರೆ ಸುಮಾರು 2.1 ಮಿ.ಮೀ. ನನ್ನ ಪೆಟ್ಟಿಗೆಯಲ್ಲಿದ್ದವೆಲ್ಲ 16.5 ಮಿ.ಮೀ. ಅಂತರದ ಕೋಡ್ 100 ಹಳಿಗಳೇ. ಆದ್ದರಿಂದಲೇ ಕಂಬಿಯ ತುದಿಗಳನ್ನು ಸೇರಿಸುವ ತಗಡಿನ ಜಾಯಿನರ್‌ಗಳು ಎಲ್ಲ ಕಡೆಯೂ ಸಲೀಸಾಗಿ ಜಾರಿಕೊಂಡು ಕೂತವು, ನನಗೆ ಯಾವ ಅನುಮಾನವೂ ಬರಲಿಲ್ಲ.

ಮೊದಲ ರಾತ್ರಿ ನೆಲದ ಮೇಲೆಯೇ ಸುತ್ತನ್ನು ಜೋಡಿಸಿದೆ. ಒಂದು ತುದಿಯ ಅರ್ಧವೃತ್ತಕ್ಕೆ ಆರು ಬಾಗು ತುಂಡುಗಳು ಬೇಕಾದವು, ಇನ್ನೊಂದು ತುದಿಗೆ ನಾಲ್ಕೇ ಸಾಕಾದವು. ಆಗಲೇ ಎಚ್ಚರಗೊಳ್ಳಬೇಕಿತ್ತು. ನಾಲ್ಕು ಉದ್ದನೆಯ ತುಂಡುಗಳು, ಆರು ಗಿಡ್ಡನೆಯವು, ಅಷ್ಟೇ ವ್ಯತ್ಯಾಸ ಎಂದುಕೊಂಡೆ. ಒಂದು ಬದಿಯ ನೇರ ಹಳಿ ಸರಿಯಾಗಿ ಸೇರಿತು. ಇನ್ನೊಂದು ಬದಿಯಲ್ಲಿ ಎರಡು ತುದಿಗಳು ಎದುರುಬದುರಾಗಿ ಬಂದರೂ ಪಕ್ಕಕ್ಕೆ ಎರಡು ಬೆರಳಿನಷ್ಟು ಸರಿದು ನಿಂತವು. ಅಳೆದು ನೋಡಿದೆ: 38 ಮಿ.ಮೀ. ಆರು ತುಂಡುಗಳದ್ದು ಅಮೆರಿಕದ ರೂಢಿಯ ಹದಿನೆಂಟು ಇಂಚಿನ, ಅಂದರೆ 457 ಮಿ.ಮೀ. ತ್ರಿಜ್ಯದ ತಿರುವು; ಅಲ್ಲಿ 30 ಡಿಗ್ರಿಯ ಹನ್ನೆರಡು ತುಂಡುಗಳಿಗೆ ಒಂದು ಪೂರ್ಣ ವೃತ್ತ. ನಾಲ್ಕು ತುಂಡುಗಳದ್ದು ಬ್ರಿಟನ್ನಿನ ಸೆಟ್‌ಟ್ರ್ಯಾಕ್ (ಅಲ್ಲಿನ ತುಂಡು ಹಳಿ) ಲೆಕ್ಕದ 438 ಮಿ.ಮೀ. ತ್ರಿಜ್ಯ, ಅಲ್ಲಿ 45 ಡಿಗ್ರಿಯ ಎಂಟು ತುಂಡುಗಳಿಗೇ ವೃತ್ತ ಮುಗಿಯುತ್ತದೆ. ತ್ರಿಜ್ಯದಲ್ಲಿ 19 ಮಿ.ಮೀ. ವ್ಯತ್ಯಾಸವಿದ್ದರೆ ವ್ಯಾಸದಲ್ಲಿ 38 ಆಗದೆ ಇನ್ನೇನು? ನೇರ ತುಂಡುಗಳಲ್ಲೂ ಇದೇ ಕಥೆ: ಒಂದು ಪದ್ಧತಿಯಲ್ಲಿ ಒಂಬತ್ತು ಇಂಚು, ಇನ್ನೊಂದರಲ್ಲಿ 168 ಮಿ.ಮೀ. ಅಕ್ಕಪಕ್ಕ ಎರಡು ಹಳಿ ಹಾಸುವಾಗ ಬ್ರಿಟನ್ನಿನ ಲೆಕ್ಕದಲ್ಲಿ ನಡುವಿನ ಅಂತರ 67 ಮಿ.ಮೀ. ಇರುತ್ತದೆ, ಅದರ 371, 438, 505 ಎಂಬ ತ್ರಿಜ್ಯಗಳು ಬಂದಿರುವುದು ಆ ಲೆಕ್ಕದಿಂದಲೇ. ಹದಿನೆಂಟು ಮತ್ತು ಇಪ್ಪತ್ತೆರಡು ಇಂಚಿನ ಅಮೆರಿಕದ ತಿರುವುಗಳನ್ನು ಒಂದರೊಳಗೊಂದು ಹಾಸಿದರೆ ನಡುವೆ ನಾಲ್ಕು ಇಂಚು ಉಳಿಯುತ್ತದೆ. ಎರಡು ಪದ್ಧತಿಗಳನ್ನು ಬೆರೆಸಿ ಹೊಂದಿಸಲು ಸಾಧ್ಯವೇ ಇಲ್ಲವೆಂದಲ್ಲ. ಆದರೆ ಆ ಕೆಲಸಕ್ಕೆ ಫ್ಲೆಕ್ಸ್ ಹಳಿಯೂ ಗರಗಸವೂ ಬೇಕು, ಅವೆರಡನ್ನೂ ತಪ್ಪಿಸಿಕೊಳ್ಳಲೆಂದೇ ನಾನು ತುಂಡು ಹಳಿಯನ್ನು ಕೊಂಡಿದ್ದೆ.

ಆಮೇಲೆ ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. ನೇರ ಹಳಿಯ ಪ್ರತಿಯೊಂದು ಜೋಡಣೆಯಲ್ಲೂ ಸ್ವಲ್ಪ ಸ್ವಲ್ಪ ಒತ್ತಿ ಓರೆಯಾಗಿಸಿ, ಆ 38 ಮಿ.ಮೀ. ಅನ್ನು ಇಡೀ ಬದಿಗೆ ಹಂಚಿ, ಮೊಳೆ ಹೊಡೆದೆ. ಕಣ್ಣಿಗೆ ಅದು ಕಾಣುತ್ತಿರಲಿಲ್ಲ. ಕಂಬಿಯ ಒಳ ಅಂಚಿನ ಮೇಲೆ ಉಗುರು ಎಳೆದರೆ ಮಾತ್ರ ಪ್ರತಿ ಜೋಡಣೆಯಲ್ಲೂ ಚಿಕ್ಕ ಮೆಟ್ಟಿಲಿನಂತೆ ತಡೆಯುತ್ತಿತ್ತು. ಎಂಜಿನ್ ತನ್ನ ಭಾರದಿಂದ ಅದನ್ನು ದಾಟುತ್ತಿತ್ತು. ಹಗುರವಾದ ಪ್ಲಾಸ್ಟಿಕ್ ಕೋಚುಗಳು ಮೂರನೆಯ ಜೋಡಣೆಯಲ್ಲಿ ತಪ್ಪದೆ ಹಳಿ ತಪ್ಪುತ್ತಿದ್ದವು, ನಾನು ಎರಡು ವಾರ ಅವುಗಳ ಚಕ್ರಗಳನ್ನು ದೂರುತ್ತಾ ಕೂತೆ.

ಸುತ್ತು ಸರಿಯಾಗಿ ಕೂಡಿದ್ದರೂ ನನ್ನ ರೈಲು ಅದರ ಮೇಲೆ ನೆಟ್ಟಗೆ ಓಡುತ್ತಿರಲಿಲ್ಲವೆಂಬುದು ತಡವಾಗಿ ತಿಳಿಯಿತು. ಹಳೆಯ ಐಸಿಎಫ್ ಕೋಚಿನ ಉದ್ದ 21.3 ಮೀಟರು, ಈಗಿನ ಎಲ್‌ಎಚ್‌ಬಿ ಕೋಚಿನದು ಸುಮಾರು 23.5 ಮೀಟರು, 1:87ರಲ್ಲಿ ಇವು ಕ್ರಮವಾಗಿ 245 ಮತ್ತು 270 ಮಿ.ಮೀ. ಆಗುತ್ತವೆ. ತಿರುವಿನ ತ್ರಿಜ್ಯ ಅತ್ಯಂತ ಉದ್ದದ ಕೋಚಿನ ಎರಡೂವರೆ ಪಟ್ಟಾದರೂ ಇರಬೇಕು, ಮೂರು ಪಟ್ಟಿದ್ದರೆ ನಿಶ್ಚಿಂತೆ ಎಂಬುದು ಈ ಹವ್ಯಾಸದಲ್ಲಿ ಪಳಗಿದವರು ಹೇಳುವ ಮಾತು. ಎಲ್‌ಎಚ್‌ಬಿಗೆ ಎರಡೂವರೆ ಪಟ್ಟೆಂದರೆ 675 ಮಿ.ಮೀ., ಮೂರು ಪಟ್ಟೆಂದರೆ 810. ನನ್ನ 457 ಅದರ ಎರಡು ಪಟ್ಟೂ ಅಲ್ಲ. ಅಂಥ ತಿರುವಿನಲ್ಲಿ ಕೋಚಿನ ನಡುಭಾಗ ಹಳಿಯ ಮಧ್ಯರೇಖೆಯಿಂದ ಸುಮಾರು 8 ಮಿ.ಮೀ. ಒಳಕ್ಕೆ ಬರುತ್ತದೆ, ಮೂಲೆಗಳು ಅದಕ್ಕಿಂತಲೂ ಹೆಚ್ಚು ಹೊರಕ್ಕೆ ಚಾಚುತ್ತವೆ. ಥರ್ಮಕೋಲ್ ಕೆತ್ತಿ, ಬಣ್ಣ ಬಳಿದು, ಪಾಚಿಯನ್ನೂ ಅಂಟಿಸಿ ಮೂರು ಭಾನುವಾರ ಕೂತು ಮಾಡಿದ ಸುರಂಗದ ಬಾಯಿಗೆ ನೀಲಿ ಕೋಚಿನ ಮೂಲೆ ಟಪ್ಪೆಂದು ಬಡಿದಾಗ ನನಗೆ ಈ ಲೆಕ್ಕ ಅರ್ಥವಾಯಿತು.

ತಪ್ಪಿನ ಬೇರು ಆ ಪ್ಲೈವುಡ್ಡಿನಲ್ಲಿದೆ. ಅಂಗಡಿಯಲ್ಲಿ ಎಂಟಡಿಗೆ ನಾಲ್ಕಡಿಯ ಹಲಗೆ ಸಿಗುತ್ತದೆಂದು ಮೊದಲು ಅದನ್ನು ತಂದೆ, ಅದರ ನಾಲ್ಕಡಿ ಅಗಲದಲ್ಲಿ ಯಾವ ತಿರುವು ಹಿಡಿಸುತ್ತದೆಂದು ಆಮೇಲೆ ನೋಡಿದೆ. ಹದಿನೆಂಟು ಇಂಚಿನದು ಆರಾಮವಾಗಿ ಹಿಡಿಸುತ್ತದೆ, ಇಪ್ಪತ್ತೆರಡರದು ಅಂಚಿಗೆ ತಾಗಿಕೊಂಡು ಹಿಡಿಸುತ್ತದೆ, ಇಪ್ಪತ್ನಾಲ್ಕು ದಾಟಿದರೆ ಜಾಗವೇ ಇಲ್ಲ. ನಾಲ್ಕು ಚಕ್ರದ ಗೂಡ್ಸ್ ವ್ಯಾಗನ್ನುಗಳನ್ನೋ ಚಿಕ್ಕ ಶಂಟಿಂಗ್ ಎಂಜಿನ್ನನ್ನೋ ಓಡಿಸುವವರಿಗೆ ಹದಿನೆಂಟು ಇಂಚು ಧಾರಾಳವಾಯಿತು. ಉದ್ದನೆಯ ಪ್ಯಾಸೆಂಜರ್ ರೈಲು ಬೇಕು, ಜಾಗ ಮಾತ್ರ ಇಷ್ಟೇ ಎನ್ನುವವರು 1:160ರ ಎನ್ ಪ್ರಮಾಣವನ್ನು ಆರಿಸುವುದೇ ಸರಿ. ಅಲ್ಲಿ ಅದೇ ಎಲ್‌ಎಚ್‌ಬಿ 147 ಮಿ.ಮೀ. ಆಗುತ್ತದೆ, ಅದೇ ಹಲಗೆಯಲ್ಲಿ ಮೂರು ಪಟ್ಟಿನ ತಿರುವೂ ಕೂರುತ್ತದೆ.

ಘಾಟಿಯ ಏರನ್ನೂ ಇದೇ ಹುರುಪಿನಲ್ಲಿ ಹಮ್ಮಿಕೊಂಡಿದ್ದೆ. 55 ಕಿ.ಮೀ.ನಲ್ಲಿ 57 ಸುರಂಗಗಳಿರುವ ಆ ನಿಜವಾದ ದಾರಿಯ ಏರು 50ಕ್ಕೆ 1. ಹಳಿಯ ಮೇಲೆ ಹಳಿ ಹಾಯಲು 75 ಮಿ.ಮೀ. ಎತ್ತರ ಬೇಕೆಂದರೆ ಅದೇ ಏರಿನಲ್ಲಿ 3750 ಮಿ.ಮೀ. ಉದ್ದ ಬೇಕು, ನನ್ನ ಹಲಗೆಯ ಉದ್ದ 2438. ಏರು ಆರಂಭವಾಗುವಲ್ಲಿ ಫ್ಲೆಕ್ಸ್ ಹಳಿ ನಿಧಾನವಾಗಿ ಬಾಗುತ್ತದೆ, ತುಂಡು ಹಳಿಯಾದರೋ ಜೋಡಣೆಯಲ್ಲಿ ಮುರಿದಂತೆ ಮೇಲೇಳುತ್ತದೆ. ಅದನ್ನು ಕೈಬಿಟ್ಟೆ.

ಇನ್ನು ಲೋಹದ ವಿಷಯ. ಜುಲೈ ತಿಂಗಳಲ್ಲಿ ಹತ್ತು ದಿನ ಊರಿಗೆ ಹೋಗಿ ಬಂದು ಮಹಡಿ ಕೋಣೆಯ ಬಾಗಿಲು ತೆರೆದಾಗ, ಸುತ್ತಿನ ಒಂದು ಭಾಗ ಬೆಳ್ಳಗೆ ಹೊಳೆಯುತ್ತಿತ್ತು, ಇನ್ನೊಂದು ಭಾಗದ ಮೇಲೆ ಕಾವಿ ಬಳಿದಂತೆ ತುಕ್ಕು ಹತ್ತಿತ್ತು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಆಯಸ್ಕಾಂತವನ್ನು ತಂದು ಒಂದೊಂದೇ ತುಂಡಿಗೆ ತಾಗಿಸುತ್ತಾ ಹೋದೆ. ನಲವತ್ತಾರು ತುಂಡುಗಳಿಗೆ ಅದು ಕಚ್ಚಿಕೊಂಡಿತು: ಉಕ್ಕಿನ ಹಳಿ. ಕಚ್ಚಿಕೊಳ್ಳದವು ನಿಕ್ಕಲ್ ಸಿಲ್ವರ್. ಹೆಸರಿನಲ್ಲಿ ಬೆಳ್ಳಿ ಇದ್ದರೂ ಅದು ತಾಮ್ರ, ನಿಕ್ಕಲ್, ಸತುಗಳ ಮಿಶ್ರಣ, ನಮ್ಮ ಮನೆಗಳಲ್ಲಿ ಜರ್ಮನ್ ಸಿಲ್ವರ್ ಎಂದು ಕರೆಯುವ ಅರಿಶಿನ ಕುಂಕುಮದ ಬಟ್ಟಲುಗಳ ಲೋಹವೇ ಅದು. ಹಳದಿಯಾಗಿ ಕಾಣುವ ಹಿತ್ತಾಳೆಯ ಹಳಿಗೂ ಆಯಸ್ಕಾಂತ ಅಂಟುವುದಿಲ್ಲ, ಆದರೆ ಅದು ಬೇಗ ಮಬ್ಬಾಗುತ್ತದೆ, ಆ ಮಬ್ಬು ವಿದ್ಯುತ್ತನ್ನು ತಡೆಯುತ್ತದೆ. ನಾನು ತುಕ್ಕನ್ನು ಮರಳು ಕಾಗದದಿಂದ ಉಜ್ಜಿದೆ. ಅದರಿಂದ ಬಿದ್ದ ಗೀರುಗಳಲ್ಲಿ ಕೊಳೆ ಇನ್ನಷ್ಟು ಬೇಗ ಕೂತಿತು. ಸ್ಟೀಲ್ ಉಣ್ಣೆಯಿಂದ ಉಜ್ಜುವವರೂ ಇದ್ದಾರೆ. ಅದರ ಎಳೆಗಳು ಎಂಜಿನ್ನಿನ ಮೋಟಾರಿನ ಆಯಸ್ಕಾಂತಕ್ಕೆ ಅಂಟಿಕೊಳ್ಳುತ್ತವೆ, ಹತ್ತಿರಕ್ಕೂ ತರಬೇಡಿ. ಕರಾವಳಿಯವರು ಮತ್ತು ಮಲೆನಾಡಿನವರು ಉಕ್ಕಿನ ಹಳಿಯನ್ನು ಪುಕ್ಕಟೆ ಕೊಟ್ಟರೂ ರೈಲು ಓಡಿಸಲು ತೆಗೆದುಕೊಳ್ಳಬಾರದೆಂಬುದು ನನ್ನ ಅಭಿಪ್ರಾಯ.

ಪಾಯಿಂಟ್‌ಗಳ ಬಗ್ಗೆ ಒಂದೆರಡು ಮಾತು. ತುಂಡು ಹಳಿಯ ಪಾಯಿಂಟ್‌ನಲ್ಲಿ ಕವಲೊಡೆಯುವ ಹಳಿ ಸಾಮಾನ್ಯವಾಗಿ ಬಾಗು ತುಂಡಿನಷ್ಟೇ ಕಡಿದಾಗಿರುತ್ತದೆ. ಅಂಥ ಎರಡನ್ನು ಬೆನ್ನಿಗೆ ಬೆನ್ನು ಸೇರಿಸಿ ಒಂದು ಹಳಿಯಿಂದ ಪಕ್ಕದ ಹಳಿಗೆ ದಾಟಿಸಿದರೆ ರೈಲು ಎಡಕ್ಕೆ ಹೊರಳಿ ತಕ್ಷಣ ಬಲಕ್ಕೆ ಹೊರಳಬೇಕಾಗುತ್ತದೆ. ಉದ್ದನೆಯ ಎರಡು ಕೋಚುಗಳನ್ನು ಕೂಡಿಸುವ ಕೊಂಡಿಗಳು, ಅಂದರೆ ಕಪ್ಲರ್‌ಗಳು, ಒಂದನ್ನೊಂದು ಅಡ್ಡಕ್ಕೆ ಎಳೆದು ಚಕ್ರಗಳನ್ನು ಮೇಲೆತ್ತುತ್ತವೆ. ನಂಬರ್ 6 ಎಂದು ಗುರುತಿಸುವ, ಆರು ಅಳತೆ ಮುಂದೆ ಹೋದಾಗ ಒಂದು ಅಳತೆ ಪಕ್ಕಕ್ಕೆ ಸರಿಯುವಂತೆ ಕವಲೊಡೆಯುವ ಉದ್ದನೆಯ ಪಾಯಿಂಟ್‌ಗಳು ಹೆಚ್ಚು ಜಾಗ ನುಂಗುತ್ತವೆ, ಆದರೆ ಈ ತಂಟೆ ಬಹುಮಟ್ಟಿಗೆ ತಪ್ಪುತ್ತದೆ.

ಮೂವತ್ತು ತುಂಡುಗಳ ಸುತ್ತೆಂದರೆ ಅರವತ್ತು ಜಾಯಿನರ್‌ಗಳು, ಅಷ್ಟೂ ಕಡೆ ವಿದ್ಯುತ್ತು ಸಡಿಲವಾದ ತಗಡಿನ ಮೂಲಕವೇ ಹರಿಯಬೇಕು. ಎಂಜಿನ್ ಓಡುತ್ತಿರುವಾಗ ಮಲ್ಟಿಮೀಟರ್ ಹಿಡಿದರೆ ವೈರ್ ಕೊಟ್ಟ ಜಾಗದಲ್ಲಿ 12 ವೋಲ್ಟ್, ಎದುರು ತುದಿಯಲ್ಲಿ 9ಕ್ಕೂ ಕಡಿಮೆ ತೋರಿಸಿತು. ಬಳಸಿದ ಹಳಿ ಕೊಂಡರೂ ಜಾಯಿನರ್‌ಗಳನ್ನು ಮಾತ್ರ ಹೊಸದಾಗಿ ಕೊಳ್ಳಿ, ನಾಲ್ಕೈದು ತುಂಡಿಗೊಮ್ಮೆ ಬೇರೆ ವೈರ್ ಬೆಸುಗೆ ಹಾಕಿ.

ಈಗ ಯಾರಾದರೂ ಹಳಿ ಮಾರುತ್ತೇನೆಂದರೆ ನಾನು ತುಂಡುಗಳ ಎಣಿಕೆಯನ್ನು ಕೇಳುವುದಿಲ್ಲ. ಬಾಗು ತುಂಡಿನ ತ್ರಿಜ್ಯವೆಷ್ಟು, ಎಷ್ಟು ತುಂಡಿಗೆ ವೃತ್ತ ಮುಗಿಯುತ್ತದೆ, ಕಂಬಿಯ ಕೋಡ್ ಯಾವುದು ಎಂದು ಕೇಳುತ್ತೇನೆ. ತುಂಡನ್ನು ತಿರುಗಿಸಿ ತಳದಲ್ಲಿ ಅಚ್ಚಾಗಿರುವ ತಯಾರಕರ ಹೆಸರನ್ನೂ ಸಂಖ್ಯೆಯನ್ನೂ ಓದುತ್ತೇನೆ, ಜೇಬಿನಲ್ಲಿರುವ ಆಯಸ್ಕಾಂತವನ್ನು ತಾಗಿಸುತ್ತೇನೆ. ಹೊಸದಾಗಿ ಕೊಳ್ಳುವಾಗಲೂ ಮೊದಲು ಒಂದು ಕಾಲುವೃತ್ತಕ್ಕೆ ಸಾಕಾಗುವಷ್ಟು ತುಂಡುಗಳನ್ನು ಮಾತ್ರ ತಂದು, ನನ್ನಲ್ಲಿರುವ ಅತಿ ಉದ್ದದ ಎರಡು ಕೋಚುಗಳನ್ನು ಕೊಂಡಿ ಹಾಕಿ ಕೈಯಿಂದ ಹಿಂದಕ್ಕೂ ಮುಂದಕ್ಕೂ ತಳ್ಳಿ ನೋಡುತ್ತೇನೆ. ಹಿಂದಕ್ಕೆ ತಳ್ಳುವಾಗಲೇ ದೋಷ ಬೇಗ ಹೊರಬೀಳುತ್ತದೆ.

ಆ ನಲವತ್ತಾರು ಉಕ್ಕಿನ ತುಂಡುಗಳಲ್ಲಿ ಆರನ್ನು ಹಲಗೆಯ ಮೂಲೆಯಲ್ಲಿ, ವೈರ್ ಕೊಡದೆ, ಗುಜರಿಗೆ ಬಿಟ್ಟ ಹಳೆಯ ಸೈಡಿಂಗ್ ಎಂಬಂತೆ ಹಾಸಿ, ಕಪ್ಲರ್ ಮುರಿದ ಒಂದು ವ್ಯಾಗನ್ನನ್ನು ಅದರ ಮೇಲೆ ನಿಲ್ಲಿಸಿದ್ದೇನೆ. ಅಲ್ಲಿ ತುಕ್ಕು ಬಹಳ ಚೆನ್ನಾಗಿ ಕಾಣುತ್ತದೆ.