ಲಕ್ಷುರಿ ಕಾರಿನ ಆಯ್ಕೆ: ರೇಟಿಂಗ್ ಎಲ್ಲಿಯವರೆಗೆ, ಟೆಸ್ಟ್ ಡ್ರೈವ್ ಎಲ್ಲಿಂದ?

2012ರಲ್ಲಿ ಅಮೆರಿಕದಲ್ಲಿ ವಿಮಾ ಕಂಪನಿಗಳ ಹಣದಿಂದ ರಸ್ತೆ ಸುರಕ್ಷತೆಯ ಕೆಲಸ ಮಾಡುವ ಐಐಎಚ್‌ಎಸ್ ಸಂಸ್ಥೆ ಹೊಸದೊಂದು ಅಪಘಾತ ಪರೀಕ್ಷೆ ಶುರುಮಾಡಿತು. ಕಾರಿನ ಮುಂಭಾಗದ ಅಗಲದಲ್ಲಿ ಚಾಲಕನ ಕಡೆಯ ಕಾಲು ಭಾಗ ಮಾತ್ರ ಗಂಟೆಗೆ 64 ಕಿ.ಮೀ. ವೇಗದಲ್ಲಿ ಗಟ್ಟಿ ತಡೆಗೆ ಬಡಿಯಬೇಕು. ಮೊದಲ ಸುತ್ತಿಗೆ ಆಯ್ದುಕೊಂಡದ್ದು ಲಕ್ಷುರಿ ಮತ್ತು ಅದರ ಆಸುಪಾಸಿನ ವರ್ಗದ 11 ಮಧ್ಯಮ ಗಾತ್ರದ ಕಾರುಗಳನ್ನು. ‘ಗುಡ್’ ಎಂಬ ಅತ್ಯುತ್ತಮ ರೇಟಿಂಗ್ ಸಿಕ್ಕಿದ್ದು ಎರಡಕ್ಕೇ: ಅಕ್ಯೂರಾ ಟಿಎಲ್ ಮತ್ತು ವೋಲ್ವೊ ಎಸ್60. ಬಿಎಂಡಬ್ಲ್ಯು 3 ಸೀರೀಸ್ ‘ಮಾರ್ಜಿನಲ್’ ಆಯಿತು. ಮರ್ಸಿಡಿಸ್ ಸಿ-ಕ್ಲಾಸ್, ಆಡಿ ಎ4, ಲೆಕ್ಸಸ್‌ನ ಐಎಸ್ ಮತ್ತು ಇಎಸ್ ‘ಪೂರ್’. ಹಳೆಯ ಪರೀಕ್ಷೆಗಳಲ್ಲಿ ಚೆನ್ನಾಗಿಯೇ ತೇರ್ಗಡೆಯಾಗಿದ್ದ ಕಾರುಗಳಿವು. ಹೊಡೆತ ಹೀರಿಕೊಳ್ಳುವ ಉದ್ದನೆಯ ಉಕ್ಕಿನ ತೊಲೆಗಳು ಮುಂಭಾಗದ ನಡುವಿಗೆ ಹತ್ತಿರ ಇರುತ್ತವೆ. ಅಂಚಿಗೆ ಬಿದ್ದ ಹೊಡೆತ ಅವುಗಳನ್ನು ಮುಟ್ಟದೆ ನೇರ ಚಕ್ರಕ್ಕೆ ತಗುಲಿ, ಚಕ್ರವನ್ನು ಚಾಲಕನ ಕಾಲಿನ ಜಾಗಕ್ಕೆ ನೂಕುತ್ತದೆ.

ಈ ಮಾದರಿಗಳೆಲ್ಲ ಆಮೇಲೆ ಬದಲಾಗಿವೆ, ಹಾಗಾಗಿ ಇಂದಿನ ಸಿ-ಕ್ಲಾಸ್‌ಗೆ ಆ ಫಲಿತಾಂಶ ಅನ್ವಯಿಸುವುದಿಲ್ಲ. ಆದರೆ ಅದು ತೋರಿಸಿಕೊಟ್ಟ ಸಂಗತಿ ಈಗಲೂ ಹಾಗೇ ಇದೆ. ಪರೀಕ್ಷೆಯಲ್ಲಿ ಏನು ಕೇಳಿದ್ದರೋ ಅದಕ್ಕಷ್ಟೇ ರೇಟಿಂಗ್ ಉತ್ತರ. ಬ್ರ್ಯಾಂಡಿನ ಹೆಸರಿನಿಂದ ಆ ಉತ್ತರವನ್ನು ಊಹಿಸಲು ಬರುವುದಿಲ್ಲ. ಯಾವ ಕಾರನ್ನು ಪಟ್ಟಿಯಿಂದ ಹೊಡೆದುಹಾಕಬೇಕು ಎನ್ನುವುದಕ್ಕೆ ರೇಟಿಂಗ್‌ಗಿಂತ ಒಳ್ಳೆಯ ಸಾಧನವಿಲ್ಲ. ಉಳಿದ ಎರಡು ಮೂರರಲ್ಲಿ ಒಂದನ್ನು ಆರಿಸುವಾಗ ಮಾತ್ರ ಅದು ಕೈಕೊಡುತ್ತದೆ.

ಯುರೋಪಿನ ಕಾರು ಸುರಕ್ಷತಾ ಪರೀಕ್ಷಾ ಸಂಸ್ಥೆ ಯುರೋ ಎನ್‌ಕ್ಯಾಪ್‌ನ ವರದಿ ತೆರೆದಾಗ ಮೊದಲು ನೋಡಬೇಕಾದದ್ದು ಪರೀಕ್ಷೆಯ ವರ್ಷ, ನಕ್ಷತ್ರ ಆಮೇಲೆ. ನಿಯಮಗಳು ಕೆಲವು ವರ್ಷಕ್ಕೊಮ್ಮೆ ಬಿಗಿಯಾಗುತ್ತವೆ, ಹಾಗಾಗಿ ಐದು ನಕ್ಷತ್ರದ ಹಳೆಯ ಕಾರನ್ನೂ ಹೊಸ ಕಾರನ್ನೂ ಸಮ ಎಂದು ಎಣಿಸಬಾರದು. 2020ರಲ್ಲಿ ಮುಂಭಾಗದ ಪರೀಕ್ಷೆಯೇ ಬದಲಾಯಿತು. ಈಗ 1,400 ಕಿಲೋ ತೂಕದ ಟ್ರಾಲಿಯೊಂದು 50 ಕಿ.ಮೀ. ವೇಗದಲ್ಲಿ ಎದುರಿನಿಂದ ಬರುತ್ತದೆ, ಕಾರೂ ಅಷ್ಟೇ ವೇಗದಲ್ಲಿ ಹೋಗಿ ಅರ್ಧ ಅಗಲದಲ್ಲಿ ಬಡಿಯುತ್ತದೆ. ಟ್ರಾಲಿಯ ಮುಖ ಎಷ್ಟು ಜಜ್ಜಿಹೋಯಿತು ಎಂದು ಅಳೆದು, ಎದುರಿನ ವಾಹನಕ್ಕೆ ಹೆಚ್ಚು ಹಾನಿ ಮಾಡುವ ಕಾರಿನ ಅಂಕ ಕಡಿತ ಮಾಡುತ್ತಾರೆ. ಭಾರೀ ಎಸ್‌ಯುವಿ ಕೊಳ್ಳುವವರು ಈ ಸಾಲನ್ನು ಓದಲೇಬೇಕು, ಏಕೆಂದರೆ ಎದುರಿನ ಕಾರಿನಲ್ಲೂ ಮನುಷ್ಯರೇ ಇರುತ್ತಾರೆ.

ತೂಕದ ವಿಚಾರದಲ್ಲಿ ಇನ್ನೊಂದು ಎಡವಟ್ಟು ಆಗುತ್ತದೆ. ಅಮೆರಿಕ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಮುಂಭಾಗದ ಪರೀಕ್ಷೆಯಲ್ಲಿ ಕಾರು 56 ಕಿ.ಮೀ. ವೇಗದಲ್ಲಿ ಪೂರ್ತಿ ಅಗಲಕ್ಕೆ ಗೋಡೆಗೆ ಬಡಿಯುತ್ತದೆ. ಗೋಡೆಗೆ ಬಡಿಯುವುದೆಂದರೆ ತನ್ನಷ್ಟೇ ತೂಕದ ಕಾರಿಗೆ ಎದುರಾಗಿ ಬಡಿದಂತೆ. ಆದ್ದರಿಂದ ಎರಡೂಕಾಲು ಟನ್ನಿನ ಎಸ್‌ಯುವಿಯ ನಕ್ಷತ್ರವನ್ನು ಒಂದೂವರೆ ಟನ್ನಿನ ಸೆಡಾನ್ ಜೊತೆ ಹೋಲಿಸಬಾರದು. ಸುಮಾರು 110 ಕಿಲೋ ಹೆಚ್ಚುಕಡಿಮೆ ಇರುವ ಕಾರುಗಳ ನಡುವೆಯಷ್ಟೇ ಆ ಹೋಲಿಕೆ ನಿಲ್ಲುತ್ತದೆ.

ಕಾರಿನ ಒಡೆಯರು ಹಿಂದಿನ ಸೀಟಿನಲ್ಲಿ ಕೂರುವವರಾದರೆ ಐಐಎಚ್‌ಎಸ್ 2022ರಲ್ಲಿ ಪರಿಷ್ಕರಿಸಿದ ಮುಂಭಾಗದ ಪರೀಕ್ಷೆಯ ಫಲಿತಾಂಶ ಹುಡುಕಿ. ಅದರಲ್ಲಿ ಚಾಲಕನ ಹಿಂದೆಯೂ ಒಂದು ಡಮ್ಮಿ ಕೂತಿರುತ್ತದೆ. ಅದೇ ಸಂಸ್ಥೆಯ ಹೆಡ್‌ಲೈಟ್ ಫಲಿತಾಂಶವನ್ನು ಬಹಳ ಜನ ತೆರೆದೂ ನೋಡುವುದಿಲ್ಲ. 2016ರ ಮೊದಲ ಸುತ್ತಿನಲ್ಲಿ 31 ಮಧ್ಯಮ ಗಾತ್ರದ ಕಾರುಗಳಲ್ಲಿ ‘ಗುಡ್’ ಪಡೆದದ್ದು ಟೊಯೊಟಾ ಪ್ರಿಯಸ್ ವಿ ಒಂದೇ. ಬಿಎಂಡಬ್ಲ್ಯು 3 ಸೀರೀಸ್‌ನ ಹ್ಯಾಲೊಜೆನ್ ದೀಪಗಳು ಅಂಕಪಟ್ಟಿಯಲ್ಲಿ ತೀರಾ ಕೆಳಗಿದ್ದವು. ಅದೇ ಕಾರಿಗೆ ಸಿಗುತ್ತಿದ್ದ ಎಲ್‌ಇಡಿ ದೀಪಗಳ ಅಂಕ ಬೇರೆ. ಆದ್ದರಿಂದ ಮಾದರಿಯ ಹೆಸರಿನ ಎದುರು ಇರುವ ಅಂಕ ಸಾಲದು, ನೀವು ಕೊಳ್ಳುವ ವೇರಿಯಂಟ್‌ನ ದೀಪಕ್ಕೆ ಎಷ್ಟು ಎಂದು ನೋಡಬೇಕು.

ಬಾಳಿಕೆಯ ಸಮೀಕ್ಷೆಗಳಲ್ಲಿ ಎರಡು ಬಗೆ ಇವೆ, ಬೆರೆಸಬೇಡಿ. ಅಮೆರಿಕದ ಸಮೀಕ್ಷಾ ಸಂಸ್ಥೆ ಜೆ.ಡಿ. ಪವರ್‌ನ ‘ಇನಿಶಿಯಲ್ ಕ್ವಾಲಿಟಿ’ ಮೊದಲ 90 ದಿನಗಳ ದೂರುಗಳನ್ನು ಎಣಿಸುತ್ತದೆ, ‘ಡಿಪೆಂಡಬಿಲಿಟಿ’ ಮೂರು ವರ್ಷ ಹಳೆಯ ಕಾರುಗಳ ಮಾಲೀಕರನ್ನು ಕೇಳುತ್ತದೆ. ಎರಡರಲ್ಲೂ ಅಂಕವೆಂದರೆ ನೂರು ಕಾರುಗಳಿಗೆ ಎಷ್ಟು ತೊಂದರೆ ಎಂಬುದು. ಕಡಿಮೆ ಇದ್ದಷ್ಟೂ ಒಳ್ಳೆಯದು. ಫೋನ್ ಸರಿಯಾಗಿ ಜೋಡಣೆಯಾಗಲಿಲ್ಲ ಎನ್ನುವುದೂ ಒಂದು ತೊಂದರೆ, ಗೇರ್‌ಬಾಕ್ಸ್ ಕೆಟ್ಟಿತು ಎನ್ನುವುದೂ ಒಂದು ತೊಂದರೆ. ಎಲೆಕ್ಟ್ರಾನಿಕ್ಸ್ ತುಂಬಿದ ಲಕ್ಷುರಿ ಕಾರುಗಳ ಒಟ್ಟು ಅಂಕ ಅದರಿಂದಲೇ ಕೆಡಬಹುದು, ಹಾಗಾಗಿ ವಿಭಾಗವಾರು ವಿವರ ಸಿಕ್ಕರೆ ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್ ಸಾಲುಗಳನ್ನು ಬೇರೆಯಾಗಿ ಓದಿ. ಅಮೆರಿಕದ ಗ್ರಾಹಕ ಸಂಸ್ಥೆ ಕನ್ಸ್ಯೂಮರ್ ರಿಪೋರ್ಟ್ಸ್‌ನವರು ಪರೀಕ್ಷೆಯ ಕಾರನ್ನು ಗುರುತು ಹೇಳದೆ ತಾವೇ ಕೊಳ್ಳುತ್ತಾರೆ. ಪತ್ರಿಕೆಗಳಿಗೆ ಸಾಮಾನ್ಯವಾಗಿ ಬರುವುದು ಕಂಪನಿ ಕೊಟ್ಟ, ಎಲ್ಲ ಆಪ್ಷನ್ ಹಾಕಿದ ಕಾರು. ನಮ್ಮ ಒಲವು ಮೊದಲನೆಯವರ ಕಡೆಗೇ.

ಇನ್ನು ಟೆಸ್ಟ್ ಡ್ರೈವ್. ಇಲ್ಲಿ ಹೆಚ್ಚಿನವರು ಮೋಸಹೋಗುವುದು ಡೆಮೊ ಕಾರಿಗೂ ತಾವು ಬುಕ್ ಮಾಡುವ ಕಾರಿಗೂ ಇರುವ ವ್ಯತ್ಯಾಸದಲ್ಲಿ. ಡೆಮೊದಲ್ಲಿ ಏರ್ ಸಸ್ಪೆನ್ಷನ್, ಹಿಂದಿನ ಚಕ್ರವೂ ತಿರುಗುವ ಸ್ಟೀರಿಂಗ್, ಸದ್ದು ತಡೆಯುವ ದಪ್ಪ ಪದರದ ಅಕೌಸ್ಟಿಕ್ ಗಾಜು ಇರಬಹುದು. ನಿಮ್ಮ ವೇರಿಯಂಟ್‌ನಲ್ಲಿ ಸಾದಾ ಸ್ಪ್ರಿಂಗು, ಸಾದಾ ಗಾಜು. ಆಗ ನೀವು ಮೆಚ್ಚಿದ್ದು ಬೇರೆ, ಮನೆಗೆ ಬರುವುದು ಬೇರೆ. ಶೋರೂಮಿಗೆ ಫೋನ್ ಮಾಡಿದಾಗಲೇ ಕೇಳಿ: ಚಕ್ರ ಎಷ್ಟು ಇಂಚು, ಟೈರು ರನ್‌ಫ್ಲಾಟಾ (ಪಂಕ್ಚರಾದರೂ ಸ್ವಲ್ಪ ದೂರ ಓಡುವಂಥದ್ದಾ), ಸಸ್ಪೆನ್ಷನ್ ಯಾವುದು. ಚಕ್ರ 18ರಿಂದ 20 ಇಂಚಿಗೆ ಏರಿದರೆ ಒಟ್ಟು ವ್ಯಾಸ ಅಷ್ಟೇ ಇರಬೇಕಾದ್ದರಿಂದ ರಬ್ಬರಿನ ಪಕ್ಕದ ಗೋಡೆ ಸುಮಾರು ಒಂದಿಂಚು ತಗ್ಗುತ್ತದೆ. ಗುಂಡಿಯ ಅಂಚಿಗೆ ರಿಮ್ ಬಾಗುವುದೂ ಟೈರು ಉಬ್ಬುವುದೂ ಇದರಿಂದಲೇ. ರನ್‌ಫ್ಲಾಟ್‌ಗೆ ಪಕ್ಕದ ಗೋಡೆ ಬಿರುಸಾಗಿರುವುದರಿಂದ ಸಣ್ಣ ಕುಲುಕು ಹೆಚ್ಚು ತಟ್ಟುತ್ತದೆ.

ಹೊರಡುವ ಮುನ್ನ ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಬರೆದಿರುವ ಒತ್ತಡಕ್ಕೆ ಟೈರುಗಳ ಗಾಳಿ ಸರಿಯಾಗಿದೆಯೇ ನೋಡಿ, ತಣ್ಣಗಿರುವಾಗಲೇ. ಗಾಳಿ ಹೆಚ್ಚಾಗಿದ್ದರೆ ಒಳ್ಳೆಯ ಕಾರೂ ಒರಟೆನಿಸುತ್ತದೆ. ಆಮೇಲೆ ಸೀಟು. ಬೆನ್ನಿನ ಕೆಳಭಾಗ ಪೂರ್ತಿ ಒರಗಿರಬೇಕು, ಬ್ರೇಕ್ ಪೂರ್ತಿ ತುಳಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು, ಭುಜ ಏಳದೆ ಮಣಿಕಟ್ಟು ಸ್ಟೀರಿಂಗ್ ಮೇಲಂಚಿಗೆ ಮುಟ್ಟಬೇಕು, ಎದೆಗೂ ಸ್ಟೀರಿಂಗ್‌ಗೂ ಕನಿಷ್ಠ 25 ಸೆಂ.ಮೀ. ಅಂತರ ಬೇಕು. ಈ ನಾಲ್ಕೂ ಒಟ್ಟಿಗೆ ಕೂಡಿಬರದಿದ್ದರೆ ಉಳಿದ ಗುಣಗಳೇನಿದ್ದರೂ ಆ ಕಾರು ಬೇಡ. ಅದೇ ಹೊಂದಾಣಿಕೆಯಲ್ಲಿ ಸೀಟು ಬಿಟ್ಟು ಹಿಂದೆ ಹೋಗಿ ಕೂತುನೋಡಿ. ಮುಂದಿನ ಸೀಟು ತಗ್ಗಿಸಿದಾಗ ಪಾದ ಅದರಡಿ ಹೋಗುತ್ತದೆಯೇ? ತೊಡೆಗೆ ಆಸರೆ ಇದೆಯೇ? ಗಾಜಿನ ಚಾವಣಿ ಇದ್ದರೆ ತಲೆಯ ಮೇಲಿನ ಜಾಗ ಕಡಿಮೆಯಾಗುತ್ತದೆ, ಎತ್ತರದವರನ್ನು ಕೂರಿಸಿಯೇ ನೋಡಿ.

ಮಾರಾಟದವರು ತೋರಿಸುವ ನುಣುಪು ರಸ್ತೆಯಿಂದ ಏನೂ ತಿಳಿಯದು. ಮೊದಲು ಗಂಟೆಗೆ 20-30 ಕಿ.ಮೀ. ವೇಗದಲ್ಲಿ ಕೆಟ್ಟ ರಸ್ತೆ ಹಿಡಿಯಿರಿ. ಏರ್ ಸಸ್ಪೆನ್ಷನ್ ದೊಡ್ಡ ಉಬ್ಬುಗಳನ್ನು ತೇಲಿಸಿಕೊಂಡು ಹೋಗಿ, ಚೂಪಾದ ಸಣ್ಣ ಅಂಚಿಗೆ ‘ಟಕ್’ ಎನ್ನುವುದು ಇಲ್ಲಿಯೇ ಗೊತ್ತಾಗುವುದು. ಉಬ್ಬನ್ನು ಓರೆಯಾಗಿ ದಾಟಿ, ಡ್ಯಾಶ್‌ಬೋರ್ಡಿನಿಂದಲೋ ಗಾಜಿನ ಚಾವಣಿಯಿಂದಲೋ ಕಿರಕಿರ ಸದ್ದು ಬರುತ್ತದೆಯೇ ಕೇಳಿ. ನಂತರ ನಿಂತು ನಿಂತು ಸಾಗುವ ಟ್ರಾಫಿಕ್. ಎರಡು ಕ್ಲಚ್ ಇರುವ ಆಟೊಮ್ಯಾಟಿಕ್, ಅಂದರೆ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್‌ಗಳು ನಡಿಗೆಯ ವೇಗದಲ್ಲಿ ಎಳೆದು ಬಿಟ್ಟಂತೆ ಮಾಡಬಹುದು. ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವವು ಅಲ್ಲಿ ಸಾಮಾನ್ಯವಾಗಿ ನಯ. ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳಲ್ಲಿ ನಿಲ್ಲುವ ಕೊನೆಯ ಎರಡು ಮೂರು ಮೀಟರ್ ಗಮನಿಸಿ. ಮೋಟಾರಿನ ಬ್ರೇಕಿನಿಂದ ಚಕ್ರದ ಬ್ರೇಕಿಗೆ ಕೆಲಸ ದಾಟುವುದು ಅಲ್ಲೇ, ಜರ್ಕ್ ಇದ್ದರೆ ಅಲ್ಲೇ ಸಿಗುತ್ತದೆ.

ಸದ್ದಿನ ಹೋಲಿಕೆಗೆ ಫೋನಿನ ಡೆಸಿಬೆಲ್ ಆ್ಯಪ್ ಸಾಕು. ಅದು ತೋರಿಸುವ ಅಂಕಿ ನಿಖರವಲ್ಲದಿದ್ದರೂ ಅದೇ ಫೋನು, ಅದೇ ಜಾಗ, ಅದೇ ರಸ್ತೆ, ಅದೇ ವೇಗ, ಎಸಿ ಬಂದ್ ಎಂಬ ಕಟ್ಟುಪಾಡಿನಲ್ಲಿ ಎರಡು ಕಾರುಗಳ ಅಂತರ ಕಾಣಿಸುತ್ತದೆ. ಆಮೇಲೆ ಪರದೆಯನ್ನು ದಿಟ್ಟಿಸದೆ ಫ್ಯಾನ್ ವೇಗ ತಗ್ಗಿಸಲು, ಹಿಂದಿನ ಗಾಜಿನ ಮಂಜು ತೆಗೆಯಲು ನೋಡಿ. ಮೂರು ಮೆನು ದಾಟಬೇಕಾದರೆ ಅದು ನಮ್ಮ ಲೆಕ್ಕದಲ್ಲಿ ಸುರಕ್ಷತೆಯ ಕೊರತೆ. ಯುರೋ ಎನ್‌ಕ್ಯಾಪ್ ಕೂಡ 2026ರ ನಿಯಮಗಳಲ್ಲಿ ಇಂಡಿಕೇಟರ್, ಹಾರ್ನ್, ವೈಪರ್‌ಗಳಂಥ ಮುಖ್ಯ ಕೆಲಸಗಳಿಗೆ ಕೈಗೆ ಸಿಗುವ ಗುಂಡಿ ಅಥವಾ ಲಿವರ್ ಇರಬೇಕೆಂದು ಅಂಕ ಇಟ್ಟಿದೆ. ಪೋಲರೈಸ್ಡ್ ತಂಪು ಕನ್ನಡಕ ಹಾಕುವವರು ಹಾಕಿಕೊಂಡೇ ಓಡಿಸಿ. ಗಾಜಿನ ಮೇಲೆ ಮೂಡುವ ಹೆಡ್-ಅಪ್ ಡಿಸ್‌ಪ್ಲೇ ಆಗ ಮಾಯವಾಗುವುದುಂಟು.

ಕೊನೆಗೆ ಉಳಿದ ಕಾರನ್ನು ಕತ್ತಲಾದ ಮೇಲೆ ಇನ್ನೊಮ್ಮೆ ಓಡಿಸಿ. ದೀಪದ ಹರವು, ಒಳಗಿನ ಅಲಂಕಾರದ ಬೆಳಕು ಗಾಜಿನಲ್ಲಿ ಪ್ರತಿಫಲಿಸುವುದು, ಪರದೆ ಎಷ್ಟು ಮಂಕಾಗಬಲ್ಲದು, ಇವೆಲ್ಲ ಹಗಲಲ್ಲಿ ಸಿಗುವುದಿಲ್ಲ. ಬುಕ್ ಮಾಡುವಾಗ ಚಕ್ರದ ಅಳತೆ, ಸಸ್ಪೆನ್ಷನ್, ದೀಪ, ಗಾಜು, ಸ್ಟೆಪ್ನಿ ಇದೆಯೋ ಪಂಕ್ಚರ್ ಕಿಟ್ ಮಾತ್ರವೋ ಎಂಬುದನ್ನು ಆರ್ಡರ್ ಫಾರಂನಲ್ಲಿ ಆಪ್ಷನ್ ಕೋಡ್ ಸಮೇತ ಬರೆಸಿ, ಡೆಲಿವರಿಯ ದಿನ ಅದೇ ಹಾಳೆ ಹಿಡಿದು ಒಂದೊಂದನ್ನೂ ಕಾರಿನಲ್ಲಿ ತಾಳೆ ನೋಡಿ.